ಉಸಿರಿನ ಸ್ನಾಯುಗಳಿಗೊಂದು ಗರಡಿ: ಬಾಲ್ಯದ ಕ್ಯಾನ್ಸರ್ ದಾಟಿದವರಿಗೆ ಏಕೆ, ಎಷ್ಟು?

ರಕ್ತ ಪರೀಕ್ಷೆಯ ವರದಿ ಸರಿಯಾಗಿದೆ. ಎದೆಯ ಎಕ್ಸ್-ರೇಯಲ್ಲಿ ಏನೂ ಇಲ್ಲ. ಎಕೋ ಮಾಡಿದ ವೈದ್ಯರು ಹೃದಯ ಚೆನ್ನಾಗಿದೆ ಎಂದಿದ್ದಾರೆ. ಬ್ಲಡ್ ಕ್ಯಾನ್ಸರಿನ ಚಿಕಿತ್ಸೆ ಮುಗಿದು ನಾಲ್ಕು ವರ್ಷವಾಗಿದೆ, ಉದುರಿದ ಕೂದಲು ಮೊದಲಿಗಿಂತ ದಟ್ಟವಾಗಿ ಬಂದಿದೆ. ಆದರೂ ಶಾಲೆಯ ಎರಡನೇ ಮಹಡಿ ಹತ್ತುವಷ್ಟರಲ್ಲಿ ಹುಡುಗನಿಗೆ ಏದುಸಿರು. ಆಟದ ಪೀರಿಯಡ್ ಬಂದರೆ ಸ್ಕೋರ್ ಬರೆಯುವ ಕೆಲಸ ಅವನದು. ಮನೆಯಲ್ಲಿ ಅಜ್ಜಿ ‘ಪಾಪ, ಸಾವನ್ನು ನೋಡಿ ಬಂದ ಕೂಸು, ಓಡಿಸಬೇಡಿ’ ಎನ್ನುತ್ತಾರೆ. ಪಿ.ಟಿ. ಮೇಷ್ಟ್ರು ‘ಸೋಮಾರಿ’ ಎನ್ನುತ್ತಾರೆ. ಒಬ್ಬರದು ಕರುಣೆ, ಇನ್ನೊಬ್ಬರದು ಸಿಟ್ಟು. ಪರಿಣಾಮ ಮಾತ್ರ ಒಂದೇ: ಹುಡುಗ ಕುಳಿತೇ ಇರುತ್ತಾನೆ.

ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಗುಣವಾದವರ ಮನೆಗಳಲ್ಲಿ ಈ ದೃಶ್ಯ ಅಪರೂಪವಲ್ಲ. ಉಸಿರು ಸಾಲದು ಎಂದರೆ ಮೊದಲು ಶ್ವಾಸಕೋಶವನ್ನು ಅನುಮಾನಿಸುತ್ತೇವೆ, ನಂತರ ಹೃದಯವನ್ನು, ಆಮೇಲೆ ರಕ್ತಹೀನತೆಯನ್ನು. ಮೂರೂ ನಿರ್ದೋಷಿ ಎಂದು ತಿಳಿದ ಮೇಲೆ ಮಗುವಿನ ಮನಸ್ಸನ್ನೇ ಅನುಮಾನಿಸುತ್ತೇವೆ. ಗಾಳಿಯನ್ನು ಒಳಕ್ಕೆ ಎಳೆಯುವ ಸ್ನಾಯುಗಳ ಬಲ ಎಷ್ಟಿದೆ ಎಂದು ಕೇಳುವವರು ತೀರಾ ಕಡಿಮೆ. ಆ ಬಲವನ್ನು ಐದು ನಿಮಿಷದಲ್ಲಿ ಅಳೆಯಬಹುದು, ಕಡಿಮೆಯಿದ್ದರೆ ತರಬೇತಿ ಕೊಟ್ಟು ಹೆಚ್ಚಿಸಬಹುದು. ತರಬೇತಿಗೆ ಬೇಕಾದ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ತಿದಿಯೂ ತಿದಿ ಹಿಡಿದ ಕೈಯೂ

ಶ್ವಾಸಕೋಶಕ್ಕೆ ಸ್ವಂತ ಬಲವಿಲ್ಲ. ಅದು ತಾನಾಗಿ ಹಿಗ್ಗಲಾರದು. ಹಿಗ್ಗಿಸಿ ಬಿಟ್ಟರೆ ಕುಗ್ಗುವುದೊಂದೇ ಅದಕ್ಕೆ ಗೊತ್ತು. ಕಮ್ಮಾರನ ಕುಲುಮೆಯ ಮುಂದೆ ನಿಂತು ತಿದಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚರ್ಮದ ಚೀಲ ಗಾಳಿ ಕುಡಿಯುವುದು ಅದನ್ನು ಹಿಡಿದ ಕೈ ಎಳೆದು ಅಗಲಿಸಿದಾಗ ಮಾತ್ರ. ನಮ್ಮ ದೇಹದಲ್ಲಿ ಆ ಕೈಯ ಕೆಲಸವನ್ನು ಮುಖ್ಯವಾಗಿ ಮಾಡುವುದು ವಪೆ.

ವಪೆಯೆಂದರೆ ಎದೆಗೂ ಹೊಟ್ಟೆಗೂ ನಡುವೆ ಬೋರಲು ಹಾಕಿದ ಬೋಗುಣಿಯ ಹಾಗೆ ಕುಳಿತಿರುವ ತೆಳ್ಳನೆಯ ಸ್ನಾಯು. ಅದು ಬಿಗಿದುಕೊಂಡಾಗ ಬೋಗುಣಿ ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಎದೆಗೂಡಿನೊಳಗೆ ಜಾಗ ಹೆಚ್ಚಿ ಒತ್ತಡ ತಗ್ಗುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ. ಸುಮ್ಮನೆ ಕುಳಿತಾಗ ಅದು ಇಳಿಯುವುದು 1–2 ಸೆಂಟಿಮೀಟರ್; ಎದೆ ತುಂಬ ಉಸಿರೆಳೆದರೆ 7–10 ಸೆಂಟಿಮೀಟರ್‌ವರೆಗೂ ಇಳಿಯುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಜೊತೆಗೂಡುತ್ತವೆ. ಓಡುವಾಗ, ಮೆಟ್ಟಿಲು ಹತ್ತುವಾಗ ಕತ್ತಿನ ಸ್ನಾಯುಗಳೂ ಸಹಾಯಕ್ಕೆ ಬರುತ್ತವೆ. ಏದುಸಿರು ಬಿಡುವವರ ಕತ್ತಿನ ನರಗಳು ಉಬ್ಬಿ, ಭುಜಗಳು ಮೇಲೇಳುವುದನ್ನು ನಾವೆಲ್ಲ ನೋಡಿದ್ದೇವೆ. ಉಸಿರು ಬಿಡುವುದಕ್ಕೆ ಸಾಮಾನ್ಯ ಹೊತ್ತಿನಲ್ಲಿ ಯಾವ ಸ್ನಾಯುವೂ ದುಡಿಯಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗುತ್ತದೆ. ಕೆಮ್ಮುವಾಗ, ಶಂಖ ಊದುವಾಗ, ಜೋರಾಗಿ ಓಡುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಬೇಕು.

(ಉಚ್ಛ್ವಾಸ, ನಿಶ್ವಾಸ ಎಂಬ ಪದಗಳನ್ನು ಬೇಕೆಂದೇ ಬಳಸುತ್ತಿಲ್ಲ. ಯಾವುದು ಒಳಕ್ಕೆ, ಯಾವುದು ಹೊರಕ್ಕೆ ಎಂದು ಶಾಲೆಯಲ್ಲಿ ಶುರುವಾದ ಗೊಂದಲ ನನಗಿನ್ನೂ ಬಿಟ್ಟಿಲ್ಲ. ಉಸಿರೆಳೆಯುವುದು, ಉಸಿರು ಬಿಡುವುದು ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.)

ಹೊಟ್ಟೆಯ ಮೇಲಿರುವ ಈ ಸ್ನಾಯುವಿಗೆ ಅಪ್ಪಣೆ ಬರುವುದು ಕತ್ತಿನಿಂದ, ಅಲ್ಲಿನ ಮೂರು, ನಾಲ್ಕು, ಐದನೆಯ ನರಬೇರುಗಳಿಂದ. ಗರ್ಭದಲ್ಲಿ ವಪೆ ರೂಪುಗೊಳ್ಳಲು ಶುರುವಾಗುವುದೇ ಕತ್ತಿನ ಬಳಿ; ಆಮೇಲೆ ತನ್ನ ನರವನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಕತ್ತಿಗೋ ಎದೆಗೋ ಆದ ಶಸ್ತ್ರಚಿಕಿತ್ಸೆ ಈ ಉದ್ದನೆಯ ನರಕ್ಕೆ ಪೆಟ್ಟು ಕೊಟ್ಟು ವಪೆಯನ್ನು ಮಂಕಾಗಿಸಬಹುದು.

ದಿನಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಸಲ ದುಡಿಯುವ ಸ್ನಾಯುವಿಗೆ ಮತ್ತೆ ವ್ಯಾಯಾಮ ಯಾಕೆ ಎಂದು ಕೇಳಬಹುದು. ದಿನವಿಡೀ ಓಡಾಡುವ ಅಂಚೆಯವನು ಅಷ್ಟರಿಂದಲೇ ಅಕ್ಕಿ ಮೂಟೆ ಎತ್ತುವ ಹಮಾಲಿಯಾಗುವುದಿಲ್ಲ. ಹಗುರ ಕೆಲಸವನ್ನು ಎಷ್ಟು ಸಲ ಮಾಡಿದರೂ ತಾಳಿಕೆ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಬಲ ಬರಬೇಕಾದರೆ ಸ್ನಾಯುವಿನ ಮೇಲೆ ಹೊರೆ ಬೀಳಬೇಕು. ಲೀತ್ ಮತ್ತು ಬ್ರ್ಯಾಡ್ಲಿ ಎಂಬ ಅಮೆರಿಕದ ಸಂಶೋಧಕರು 1976ರಲ್ಲಿ ಇದನ್ನೇ ಉಸಿರಿನ ಸ್ನಾಯುಗಳಿಗೆ ಅನ್ವಯಿಸಿ ನೋಡಿದರು. ಬಲದ ತರಬೇತಿ ಪಡೆದವರಲ್ಲಿ ಬಲ ಹೆಚ್ಚಿತು, ತಾಳಿಕೆಯ ತರಬೇತಿ ಪಡೆದವರಲ್ಲಿ ತಾಳಿಕೆ ಹೆಚ್ಚಿತು. ತೋಳಿನ ನಿಯಮವೇ ವಪೆಯದೂ ಹೌದು ಎಂದಾಯಿತು.

ರೋಗ ಬಿಟ್ಟುಹೋಯಿತು, ಔಷಧದ ಗುರುತು ಉಳಿಯಿತು

ಬಾಲ್ಯದ ರಕ್ತ ಕ್ಯಾನ್ಸರಿಗೆ ಮೊದಲ ಪರಿಣಾಮಕಾರಿ ಔಷಧ ಸಿಕ್ಕ ಕಥೆಯಲ್ಲಿ ನಮ್ಮ ನೆರೆಯವನೊಬ್ಬನಿದ್ದಾನೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ತಯಾರಿಸಿದ ಅಮಿನೊಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟು, ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದರ ತಮ್ಮನಾದ ಮೆಥೊಟ್ರೆಕ್ಸೇಟ್ ಇವತ್ತಿಗೂ ಈ ಚಿಕಿತ್ಸೆಯ ಆಧಾರಸ್ತಂಭ. ಅಂದು ಬಹುಮಟ್ಟಿಗೆ ಮರಣಶಾಸನವಾಗಿದ್ದ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಾದ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾದಿಂದ ಈಗ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಪಾರಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಪರಿಸ್ಥಿತಿ ಅಷ್ಟು ಚೆನ್ನಾಗಿಲ್ಲ. 2030ರ ವೇಳೆಗೆ ಜಗತ್ತಿನಾದ್ಯಂತ ಮಕ್ಕಳ ಕ್ಯಾನ್ಸರಿನಲ್ಲಿ ಬದುಕುಳಿಯುವವರ ಪ್ರಮಾಣ ಕನಿಷ್ಠ 60% ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿದೆ.

ಬದುಕುಳಿದವರು ಹೆಚ್ಚಿದಂತೆ, ಗುಣವಾದ ಮೇಲೆ ಏನು ಎಂಬ ಪ್ರಶ್ನೆಯೂ ಬೆಳೆಯಿತು. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯವರು ತಮ್ಮಲ್ಲಿ ಬಾಲ್ಯದಲ್ಲಿ ಚಿಕಿತ್ಸೆ ಪಡೆದು ದೊಡ್ಡವರಾದ 1,713 ಮಂದಿಯನ್ನು ಮರಳಿ ಕರೆದು ತಪಾಸಣೆ ಮಾಡಿದರು. 2013ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಚಿಕಿತ್ಸೆ ಪಡೆದಿದ್ದವರಲ್ಲಿ ಸುಮಾರು 65% ಜನರ ಉಸಿರಾಟದ ಪರೀಕ್ಷೆಯಲ್ಲಿ ಏರುಪೇರು ಕಂಡಿತು. ಹುಡುಕಿದ್ದರಿಂದ ಸಿಕ್ಕಿತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಬಹಳಷ್ಟು ಮಂದಿಗೆ ತಪಾಸಣೆಗೆ ಬರುವವರೆಗೆ ಅದರ ಅರಿವೇ ಇರಲಿಲ್ಲ.

ಚಿಕಿತ್ಸೆಯ ಪೆಟ್ಟು ಮೂರು ಜಾಗದಲ್ಲಿ ಬೀಳುತ್ತದೆ.

ಒಂದು, ಶ್ವಾಸಕೋಶದ ಅಂಗಾಂಶ. ಬ್ಲಿಯೊಮೈಸಿನ್, ಬುಸಲ್ಫಾನ್, ಕಾರ್ಮುಸ್ಟಿನ್ ಎಂಬ ಔಷಧಗಳು ಅದನ್ನು ಗಟ್ಟಿಗೊಳಿಸಿ ಕಲೆಗಟ್ಟಿಸಬಲ್ಲವು. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಲ್ಲಿ ಸಣ್ಣ ಗಾಳಿನಾಳಗಳೇ ಮುಚ್ಚಿಹೋಗುವ ಅಪಾಯವೂ ಇದೆ. (ಫೈಲಿನಲ್ಲಿ ಬ್ಲಿಯೊಮೈಸಿನ್ ಎಂಬ ಹೆಸರಿದ್ದರೆ, ಮುಂದೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಬೇಕು. ಆಮ್ಲಜನಕವನ್ನು ಎಷ್ಟು ಕೊಡಬೇಕೆಂಬುದನ್ನು ಅವರು ಅದನ್ನು ನೋಡಿ ನಿರ್ಧರಿಸುತ್ತಾರೆ.)

ಎರಡು, ಎದೆಗೂಡು. ನಮ್ಮ ಕಡೆ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಬೆಳೆಯುವ ಮಗುವಿನ ಎದೆಗೆ ಕೊಟ್ಟಾಗ, ಆ ಭಾಗದ ಮೂಳೆ ಮತ್ತು ಸ್ನಾಯುಗಳ ಬೆಳವಣಿಗೆ ಕುಂಠಿತವಾಗಬಹುದು. ಮೈ ಬೆಳೆಯುತ್ತದೆ, ಎದೆಗೂಡು ಹಿಂದುಳಿಯುತ್ತದೆ. ಮಗ ದೊಡ್ಡವನಾದ ಮೇಲೂ ಹಳೆಯ ಅಂಗಿಯನ್ನೇ ತೊಡಿಸಿದಂತೆ, ಒಳಗಿನ ಶ್ವಾಸಕೋಶಕ್ಕೆ ಹಿಗ್ಗಲು ಜಾಗವಿಲ್ಲ.

ಮೂರನೆಯದು ಸ್ನಾಯು. ನಾವು ಮಾತಾಡುತ್ತಿರುವುದು ಇದರ ಬಗ್ಗೆಯೇ. ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಈ ಅವಧಿಯಲ್ಲಿ ಮಗುವಿಗೆ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್‌ಗಳು ಮತ್ತೆ ಮತ್ತೆ ಹೋಗುತ್ತವೆ. ಮುಖ ಊದಿಕೊಂಡು ಗುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ. ನೋಡಿದವರು ‘ಮೈ ತುಂಬಿಕೊಂಡಿದ್ದಾನೆ’ ಎನ್ನುತ್ತಾರೆ. ಒಳಗೆ ನಡೆಯುತ್ತಿರುವುದು ಬೇರೆ: ಸ್ನಾಯು ಕರಗುತ್ತದೆ, ಕೊಬ್ಬು ಕೂಡುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಔಷಧ ನರಗಳ ಮೇಲೆ ಕೈ ಮಾಡುತ್ತದೆ. ಪಾದ ಎತ್ತಿ ನಡೆಯಲಾಗದ ಮಕ್ಕಳನ್ನು ಕ್ಯಾನ್ಸರ್ ವಾರ್ಡುಗಳಲ್ಲಿ ನೋಡಬಹುದು. ಕೆಂಪು ಬಣ್ಣದ ಇಂಜೆಕ್ಷನ್ ಎಂದು ಪೋಷಕರು ಗುರುತಿಟ್ಟುಕೊಳ್ಳುವ ಡಾಕ್ಸೊರೂಬಿಸಿನ್ ಹೃದಯಕ್ಕೆ ಮಾಡುವ ಹಾನಿ ಎಲ್ಲರಿಗೂ ಗೊತ್ತು. ಅದೇ ಔಷಧ ವಪೆಯ ಬಲವನ್ನೂ ಕುಗ್ಗಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇದರ ಮೇಲೆ ತಿಂಗಳುಗಟ್ಟಲೆ ಹಾಸಿಗೆ, ವಾಂತಿ, ಸೋಂಕು, ಮನೆಯಿಂದ ಹೊರಗೆ ಬಿಡದ ಕಾವಲು. ಆಟವಾಡಿ ಗಟ್ಟಿಯಾಗಬೇಕಿದ್ದ ವಯಸ್ಸಿನಲ್ಲಿ ಕೂತೇ ಬೆಳೆದ ದೇಹ ಅದು.

ಆಮೇಲೆ ಒಂದು ಸುಳಿ ಶುರುವಾಗುತ್ತದೆ. ಓಡಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಓಡುವುದಿಲ್ಲ. ಓಡದ್ದರಿಂದ ಸ್ನಾಯು ಇನ್ನಷ್ಟು ಸೊರಗುತ್ತದೆ. ಮುಂದಿನ ಸಲ ಇನ್ನೂ ಬೇಗ ಉಸಿರು ಕಟ್ಟುತ್ತದೆ.

ವಪೆ ದಣಿದರೆ ಕಾಲು ಯಾಕೆ ಸೋಲುತ್ತದೆ

ಉಸಿರಿನ ಸ್ನಾಯು ಬಲಗುಂದಿದರೆ ಉಸಿರು ಮಾತ್ರವಲ್ಲ, ಕಾಲೂ ಸೋಲಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ನಾಲೆಯ ನೀರನ್ನು ನೆನೆಸಿಕೊಳ್ಳಿ. ಅಣೆಕಟ್ಟಿನಿಂದ ಬಿಡುವ ನೀರಿಗೆ ಮಿತಿಯಿದೆ. ಮೇಲ್ಭಾಗದ ಹೊಲದವರು ಹೆಚ್ಚು ಎಳೆದುಕೊಂಡರೆ ನಾಲೆಯ ಕೊನೆಯ ಭಾಗದ ರೈತನಿಗೆ ನೀರು ಮುಟ್ಟುವುದಿಲ್ಲ. ಹೃದಯ ಹೊರಹಾಕುವ ರಕ್ತಕ್ಕೂ ಹಾಗೆಯೇ ಮಿತಿಯಿದೆ. ಸುಮ್ಮನಿರುವಾಗ ಉಸಿರಿನ ಸ್ನಾಯುಗಳು ಬಳಸುವ ಆಮ್ಲಜನಕ ತೀರಾ ಅಲ್ಪ. ಪೂರ್ಣ ಶಕ್ತಿ ಹಾಕಿ ದುಡಿಯುವಾಗ ಅದು ದೇಹದ ಒಟ್ಟು ಬಳಕೆಯ 10–15% ಮುಟ್ಟಬಹುದು. ವಪೆ ದಣಿಯತೊಡಗಿದರೆ ಅದರಿಂದ ಹೊರಡುವ ಸಂಕೇತಗಳು ಕಾಲಿನ ರಕ್ತನಾಳಗಳನ್ನು ಕಿರಿದುಗೊಳಿಸುತ್ತವೆ. ಬದುಕಿಗೆ ಉಸಿರು ಮೊದಲು, ಓಟ ಆಮೇಲೆ ಎಂಬುದು ದೇಹದ ತೀರ್ಮಾನ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆರೋಮ್ ಡೆಂಪ್ಸಿಯವರ ತಂಡ 1997ರಲ್ಲಿ ಇದನ್ನು ಸೈಕಲ್ ಸವಾರರಲ್ಲಿ ಸೊಗಸಾಗಿ ತೋರಿಸಿತು. ಗರಿಷ್ಠ ವೇಗದಲ್ಲಿ ತುಳಿಯುತ್ತಿದ್ದವರ ಉಸಿರಿನ ಕೆಲಸವನ್ನು ಯಂತ್ರದಿಂದ ಹಗುರಗೊಳಿಸಿದಾಗ ಕಾಲಿಗೆ ಹರಿಯುವ ರಕ್ತ ಹೆಚ್ಚಿತು, ಉಸಿರಿಗೆ ಹೊರೆ ಹಾಕಿದಾಗ ಕಡಿಮೆಯಾಯಿತು.

ಅವರು ಪಳಗಿದ ಸೈಕಲ್ ಸವಾರರು, ಪ್ರಯೋಗ ನಡೆದದ್ದು ಶ್ರಮದ ತುತ್ತತುದಿಯಲ್ಲಿ. ಆದರೆ ಸ್ನಾಯು ಬಲಗುಂದಿದ ಮಗುವಿಗೆ ಎರಡನೇ ಮಹಡಿಯೇ ತುತ್ತತುದಿಯಾಗಿರಬಹುದು ಎಂಬುದು ಈ ತರಬೇತಿಯ ಹಿಂದಿನ ತರ್ಕ.

ಮೊದಲು ಅಳತೆ

ಸ್ಪೈರೊಮೆಟ್ರಿ ಪರೀಕ್ಷೆ, ಅಂದರೆ ಜೋರಾಗಿ ಊದಿಸುವ ಯಂತ್ರ, ಎಷ್ಟು ಗಾಳಿ, ಎಷ್ಟು ವೇಗ ಎಂದು ಹೇಳುತ್ತದೆ. ಸ್ನಾಯುವಿನ ಬಲ ಸಾಕಷ್ಟು ಕುಸಿಯುವವರೆಗೂ ಅದರ ವರದಿ ಸರಿಯಾಗಿಯೇ ಬರಬಹುದು. ಬಲವನ್ನು ನೇರವಾಗಿ ಅಳೆಯಲು ಬೇರೆ ಪರೀಕ್ಷೆಯಿದೆ. ಮೂಗಿಗೆ ಕ್ಲಿಪ್ ಹಾಕಿ, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ಮುಚ್ಚಿದ ಕೊಳವೆಗೆ ಬಾಯಿಟ್ಟು ಇದ್ದ ಬಲವನ್ನೆಲ್ಲ ಹಾಕಿ ಒಳಕ್ಕೆ ಎಳೆಯಬೇಕು. ಗಾಳಿ ಬರುವುದಿಲ್ಲ, ಉಂಟಾದ ಎಳೆತ ಎಷ್ಟೆಂದು ಯಂತ್ರ ತೋರಿಸುತ್ತದೆ. ಅದನ್ನು ಅಳೆಯುವುದು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ನೀರನ್ನು ಎಷ್ಟು ಎತ್ತರಕ್ಕೆ ಎಳೆದು ನಿಲ್ಲಿಸಬಲ್ಲಿರಿ ಎಂದು ಅದರ ಅರ್ಥ. ದೊಡ್ಡವರು 80 ಸೆಂಟಿಮೀಟರ್ ಎಳೆದರೆ ಗಂಭೀರ ದೌರ್ಬಲ್ಯ ಇಲ್ಲವೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಮಕ್ಕಳಿಗೆ ಒಂದೇ ಅಂಕಿ ನಡೆಯುವುದಿಲ್ಲ. ವಯಸ್ಸು, ಹುಡುಗ ಅಥವಾ ಹುಡುಗಿ ಎಂಬುದನ್ನು ನೋಡಿ, ಆ ವಯಸ್ಸಿಗೆ ಇರಬೇಕಾದ ಬಲದಲ್ಲಿ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ.

ಆ ಕೊಳವೆಯಲ್ಲಿ ಬೇಕೆಂದೇ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಎಳನೀರನ್ನು ಸ್ಟ್ರಾದಿಂದ ಹೀರುವಾಗ ನಾವು ಬಳಸುವುದು ಕೆನ್ನೆ ಮತ್ತು ನಾಲಿಗೆಯನ್ನು, ವಪೆಯನ್ನಲ್ಲ. ಮಕ್ಕಳು ಈ ಪರೀಕ್ಷೆಯಲ್ಲೂ ಅದೇ ಉಪಾಯ ಹೂಡುತ್ತಾರೆ, ಅಂಕಿ ಬೆರಗಾಗುವಷ್ಟು ಏರುತ್ತದೆ. ರಂಧ್ರವಿದ್ದರೆ ಕೆನ್ನೆಯ ಎಳೆತ ನಿಲ್ಲುವುದಿಲ್ಲ. ಎದೆಯಿಂದ ಎಳೆದದ್ದು ಮಾತ್ರ ಒಂದು ಸೆಕೆಂಡಾದರೂ ನಿಲ್ಲುತ್ತದೆ. ಒಂದೇ ಸಲ ಮಾಡಿ ಮುಗಿಸುವ ಪರೀಕ್ಷೆ ಇದಲ್ಲ. ಹಲವು ಸಲ ಎಳೆಸಿ, ಫಲಿತಾಂಶಗಳು ಒಂದಕ್ಕೊಂದು ಹತ್ತಿರ ಬಂದ ಮೇಲೆ ಅತ್ಯುತ್ತಮವಾದುದನ್ನು ಬರೆದುಕೊಳ್ಳಬೇಕು. ಹೆದರಿದ ಮಗು, ದಣಿದ ಮಗು, ‘ಜೋರಾಗಿ! ಇನ್ನೂ ಜೋರಾಗಿ!’ ಎಂದು ಹುರಿದುಂಬಿಸದ ತಂತ್ರಜ್ಞ, ಇವೆಲ್ಲ ಅಂಕಿಯನ್ನು ಇಳಿಸುತ್ತವೆ.

ಕುಕ್ಕರಿನ ವಿಸಲ್ ತಿರುಗಿಸಿಟ್ಟಂತೆ

ಈಗ ಸಾಧನಕ್ಕೆ ಬರೋಣ. ಪ್ರೆಶರ್ ಕುಕ್ಕರಿನ ವಿಸಲ್ ಒಂದು ಮಿತಿಯವರೆಗೆ ಅಲುಗದು. ಒಳಗಿನ ಒತ್ತಡ ಅದರ ಭಾರವನ್ನು ಮೀರಿದ ಕ್ಷಣ ಎದ್ದು ಆವಿಯನ್ನು ಬಿಡುತ್ತದೆ. ಉಸಿರಿನ ತರಬೇತಿಯ ಸಾಧನದಲ್ಲೂ ಇದೇ ಉಪಾಯ, ದಿಕ್ಕು ಮಾತ್ರ ತಿರುವುಮುರುವು. ಪ್ಲಾಸ್ಟಿಕ್ ಕೊಳವೆಯೊಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಕವಾಟವಿದೆ. ನೀವು ಎಳೆಯುವ ಬಲ ಸ್ಪ್ರಿಂಗಿನ ಬಿಗಿಯನ್ನು ಮೀರುವವರೆಗೆ ಒಂದು ಹನಿ ಗಾಳಿಯೂ ಬರುವುದಿಲ್ಲ. ಮೀರಿದೊಡನೆ ಕವಾಟ ತೆರೆಯುತ್ತದೆ. ತಿರುಪು ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದರೆ ಹೊರೆ ಹೆಚ್ಚುತ್ತದೆ. ಉಸಿರು ಬಿಡುವಾಗ ಯಾವ ತಡೆಯೂ ಇಲ್ಲ.

ಬರೀ ಕಿರಿದಾದ ರಂಧ್ರದಿಂದ ಉಸಿರೆಳೆಸುವ ಅಗ್ಗದ ಸಾಧನಗಳೂ ಇವೆ. ಅವುಗಳಲ್ಲಿ ಮೋಸ ಸುಲಭ. ನಿಧಾನವಾಗಿ ಎಳೆದರೆ ಹೊರೆಯೇ ಇರುವುದಿಲ್ಲ, ಮಕ್ಕಳು ಎರಡನೇ ದಿನಕ್ಕೇ ಇದನ್ನು ಕಂಡುಹಿಡಿಯುತ್ತಾರೆ. ಸ್ಪ್ರಿಂಗಿನ ಕವಾಟ ಇಂಥ ಚೌಕಾಸಿಗೆ ಒಪ್ಪುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ಶಸ್ತ್ರಚಿಕಿತ್ಸೆಯಾದವರಿಗೆಲ್ಲ ಕೊಡುವ, ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಮೂರು ಚೆಂಡುಗಳ ಸಾಧನ ಇದಲ್ಲ. 600, 900, 1200 ಎಂದು ಬರೆದಿರುವ ಆ ಡಬ್ಬಿ, ಎಷ್ಟು ವೇಗವಾಗಿ ಉಸಿರೆಳೆಯುತ್ತೀರಿ ಎಂಬುದನ್ನು ಕಣ್ಣಿಗೆ ತೋರಿಸಿ ಆಳವಾಗಿ ಉಸಿರಾಡಲು ಪ್ರೇರೇಪಿಸುತ್ತದೆ, ಮುದುಡಿದ ಶ್ವಾಸಕೋಶವನ್ನು ಬಿಡಿಸಲು ನೆರವಾಗುತ್ತದೆ. ಸ್ನಾಯುವಿನ ಮೇಲೆ ಅದು ಹೇಳಿಕೊಳ್ಳುವಂಥ ಹೊರೆ ಹಾಕುವುದಿಲ್ಲ. ಬಲೂನ್ ಊದುವುದು, ಕೊಳಲು ನುಡಿಸುವುದು ಮುಖ್ಯವಾಗಿ ಉಸಿರು ಬಿಡುವ ಸ್ನಾಯುಗಳ ಕೆಲಸ. ಪ್ರಾಣಾಯಾಮದ ವಿಚಾರದಲ್ಲಿ ನನಗೆ ಗೌರವವಿದೆ. ಉಸಿರಿನ ಲಯವನ್ನು ನಿಧಾನಿಸುವ, ಗಾಬರಿಯನ್ನು ತಣಿಸುವ ಅದರ ಗುಣ ದೊಡ್ಡದು. ಆದರೆ ಅಳೆದು ಹಾಕುವ ಹೊರೆ, ವಾರ ವಾರ ಏರಿಸುವ ಹೊರೆ ಅದರಲ್ಲಿಲ್ಲ. ಇದು ಬೇರೆ, ಅದು ಬೇರೆ. ಎರಡನ್ನೂ ಮಾಡುವವರನ್ನು ಯಾರೂ ತಡೆಯುವುದಿಲ್ಲ.

ಅಭ್ಯಾಸದ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಅಳೆದ ಗರಿಷ್ಠ ಬಲದ 30% ಹೊರೆಯಿಂದ ಶುರು. ಮಗುವಿನ ಎಳೆತ 50 ಸೆಂಟಿಮೀಟರ್ ಇದ್ದರೆ ಸ್ಪ್ರಿಂಗನ್ನು 15ಕ್ಕೆ ಇಡುವುದು. ನೆಟ್ಟಗೆ ಕುಳಿತು, ಮೂಗು ಮುಚ್ಚಿ, ತುಟಿಗಳಿಂದ ಕೊಳವೆಯನ್ನು ಬಿಗಿಹಿಡಿದು, ಒಮ್ಮೆಗೇ ಜೋರಾಗಿ ಆಳವಾಗಿ ಎಳೆಯಬೇಕು, ಬಿಡುವಾಗ ಅವಸರವಿಲ್ಲ. ದಿನಕ್ಕೆ ಎರಡು ಹೊತ್ತು, ಪ್ರತಿ ಸಲ 15 ನಿಮಿಷ ಎಂಬುದು ಒಂದು ಪದ್ಧತಿ. ಗರಿಷ್ಠದ 50% ಹೊರೆಯಲ್ಲಿ ಒಂದು ಹೊತ್ತಿಗೆ 30 ಉಸಿರು ಎಂಬುದು ಇನ್ನೊಂದು. ಐದು ನಿಮಿಷದೊಳಗೆ ಮುಗಿಯುವುದರಿಂದ ಶಾಲೆಗೆ ಹೋಗುವ ಮಕ್ಕಳಿಗೆ ಇದು ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಮತ್ತೆ ಅಳೆದು ಹೊರೆ ಏರಿಸಬೇಕು. ಏರಿಸದೆ ಅದೇ ಹೊರೆಯಲ್ಲಿ ಆರು ತಿಂಗಳು ಎಳೆದರೂ ವಪೆ ಅಲ್ಲೇ ನಿಲ್ಲುತ್ತದೆ. ಮೊದಲ ಎರಡು ಮೂರು ವಾರಗಳಲ್ಲಿ ಕಾಣುವ ಏರಿಕೆಯಲ್ಲಿ ಬಹುಪಾಲು ಕಲಿಕೆಯದು. ನರಗಳು ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಸ್ನಾಯು ನಿಜವಾಗಿ ಬದಲಾಗಲು ಇನ್ನಷ್ಟು ದಿನ ಬೇಕು. ಧೂಮಪಾನದಿಂದ ಶ್ವಾಸಕೋಶ ಹದಗೆಟ್ಟಿದ್ದ ಹಿರಿಯರಿಗೆ ಐದು ವಾರ ಈ ತರಬೇತಿ ಕೊಟ್ಟು, ಪಕ್ಕೆಲುಬಿನ ನಡುವಿನ ಸ್ನಾಯುವಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಸ್ಪೇನ್‌ನ ಸಂಶೋಧಕರು, ಎಳೆಗಳು ದಪ್ಪಗಾಗಿದ್ದನ್ನೂ ತಾಳಿಕೆಯ ಎಳೆಗಳ ಪ್ರಮಾಣ ಹೆಚ್ಚಿದ್ದನ್ನೂ 2002ರಲ್ಲಿ ವರದಿ ಮಾಡಿದರು.

ಎಷ್ಟು ನಂಬಬಹುದು

ಬಲ ಹೆಚ್ಚುತ್ತದೆಯೇ? ಹೆಚ್ಚುತ್ತದೆ. ಬ್ರೆಜಿಲ್‌ನಲ್ಲಿ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿದ್ದ ಮಕ್ಕಳ ಒಂದು ಪುಟ್ಟ ಗುಂಪು ಹತ್ತು ವಾರ ಮನೆಯಲ್ಲೇ ಅಭ್ಯಾಸ ಮಾಡಿತು. ಅವರ ಉಸಿರೆಳೆಯುವ ಬಲ ಏರಿತು ಎಂದು 2010ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಬೇರೆ ಕಡೆಯ ಸಣ್ಣ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ.

ಬಲ ಹೆಚ್ಚಿದರೆ ಬದುಕು ಹಗುರವಾಗುತ್ತದೆಯೇ? ಇಲ್ಲಿ ದನಿ ತಗ್ಗಿಸಬೇಕು. ಮಕ್ಕಳ ಕ್ಯಾನ್ಸರಿನಲ್ಲಿ ನಡೆದ ಅಧ್ಯಯನಗಳು ಚಿಕ್ಕವು, ಅಲ್ಪಕಾಲದವು. ಹೆಚ್ಚು ಜನರ ಮೇಲೆ ಪರೀಕ್ಷಿಸಿರುವುದು ಬೇರೆ ಕಾಯಿಲೆಗಳಲ್ಲಿ. ನೆದರ್ಲೆಂಡ್ಸ್‌ನಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ, ಅಪಾಯ ಹೆಚ್ಚಿದ್ದ ರೋಗಿಗಳಿಗೆ ಮೊದಲೇ ಈ ತರಬೇತಿ ಕೊಟ್ಟಾಗ, ಶಸ್ತ್ರಚಿಕಿತ್ಸೆಯ ನಂತರದ ಉಸಿರಾಟದ ತೊಂದರೆ 35%ರಿಂದ 18%ಕ್ಕೆ ಇಳಿಯಿತು; 2006ರ ಈ ಫಲಿತಾಂಶ ಗಟ್ಟಿಯಾದದ್ದು. ಆದರೆ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರಲ್ಲಿ, ನಡಿಗೆ, ಸೈಕಲ್ ಮುಂತಾದ ಇಡೀ ದೇಹದ ವ್ಯಾಯಾಮ ಹೇಗೂ ನಡೆಯುತ್ತಿರುವಾಗ ಇದನ್ನೂ ಸೇರಿಸಿದರೆ, ಸ್ನಾಯುವಿನ ಅಂಕಿ ಏರುತ್ತದೆ, ನಡೆಯುವ ದೂರ ಅಷ್ಟಾಗಿ ಏರುವುದಿಲ್ಲ ಎಂದೇ ಕಂಡುಬಂದಿದೆ.

ಹಾಗಾಗಿ ನನ್ನ ತೂಕ ಹೀಗೆ. ಓಡಬಲ್ಲ, ಆಡಬಲ್ಲ ಮಗುವಿಗೆ ಮೊದಲ ಔಷಧ ಆಟವೇ. ಮಕ್ಕಳ ಕ್ಯಾನ್ಸರ್ ಮತ್ತು ವ್ಯಾಯಾಮದ ಬಗ್ಗೆ 2021ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಾರವೂ, ಚಿಕಿತ್ಸೆಯ ಯಾವ ಹಂತದಲ್ಲಿದ್ದರೂ ಆದಷ್ಟು ಮೈ ಅಲುಗಲಿ ಎಂಬುದೇ. ಕೊಳವೆ ಹಿಡಿದು ಕುಳಿತು ಎಳೆಯುವ ತರಬೇತಿಗೆ ಬೆಲೆ ಬರುವುದು ಅಳತೆಯಲ್ಲಿ ದೌರ್ಬಲ್ಯ ಕಂಡವರಿಗೆ. ಏದುಸಿರಿನ ಭಯದಿಂದ ಆಟ ಶುರು ಮಾಡಲಾಗದವರಿಗೆ. ಕಾಲಿನ ನರ ಸೋತೋ ಮೂಳೆ ಸವೆದೋ ನಡೆಯುವುದೇ ಕಷ್ಟವಾದವರಿಗೆ. ಕಲೆಗಟ್ಟಿದ ಶ್ವಾಸಕೋಶವನ್ನು ಇದು ಮೃದುವಾಗಿಸುವುದಿಲ್ಲ, ಮುಚ್ಚಿದ ಗಾಳಿನಾಳವನ್ನು ತೆರೆಯುವುದಿಲ್ಲ, ಬೆಳೆಯದ ಎದೆಗೂಡನ್ನು ಬೆಳೆಸುವುದಿಲ್ಲ. ‘ಶ್ವಾಸಕೋಶಕ್ಕೆ ಶಕ್ತಿ’ ಎಂದು ಯಾರಾದರೂ ಮಾರಿದರೆ ಅವರಿಗೆ ತಿದಿಗೂ ಕೈಗೂ ವ್ಯತ್ಯಾಸ ತಿಳಿದಿಲ್ಲ.

ಯಾರು ಮುಟ್ಟಬಾರದು

ಜೋರಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ತಗ್ಗುತ್ತದೆ, ಅದರ ಎದುರು ಹೃದಯ ಹೆಚ್ಚು ಬಲ ಹಾಕಿ ರಕ್ತ ತಳ್ಳಬೇಕಾಗುತ್ತದೆ. ಕೆಂಪು ಇಂಜೆಕ್ಷನ್ ಪಡೆದವರು ಎಕೋ ಮಾಡಿಸದೆ ಈ ತರಬೇತಿಗೆ ಇಳಿಯಬಾರದು ಎನ್ನುವುದು ಇದಕ್ಕೇ. ಇತ್ತೀಚೆಗೆ ಶ್ವಾಸಕೋಶ ಒಡೆದು ಎದೆಯಲ್ಲಿ ಗಾಳಿ ತುಂಬಿದ್ದವರು, ಎದೆ ಅಥವಾ ಹೊಟ್ಟೆಯ ಹೊಲಿಗೆ ಮಾಗದವರು, ಕಿವಿಯ ತಮಟೆ ಹರಿದವರು, ಅಸ್ತಮಾ ಹತೋಟಿಯಲ್ಲಿಲ್ಲದವರು ಕಾಯಬೇಕು. ಚಿಕಿತ್ಸೆ ಇನ್ನೂ ನಡೆಯುತ್ತಿದ್ದು ಪ್ಲೇಟ್‌ಲೆಟ್ ಕುಸಿದಿದ್ದರೆ, ಜ್ವರವಿದ್ದರೆ ಆ ದಿನಗಳಲ್ಲಿ ಸಾಧನ ಪೆಟ್ಟಿಗೆಯಲ್ಲೇ ಇರಲಿ. ತಲೆ ಸುತ್ತಿದರೆ ಉಸಿರಾಟ ಅತಿವೇಗವಾಗಿದೆ ಎಂದರ್ಥ. ನಿಲ್ಲಿಸಿ, ಸುಧಾರಿಸಿಕೊಂಡು ನಿಧಾನವಾಗಿ ಮುಂದುವರಿಸಬೇಕು. ಎದೆನೋವು ಬಂದರೆ ಮುಂದುವರಿಸುವ ಮಾತೇ ಇಲ್ಲ. ಸಾಧನ ಒಬ್ಬರಿಗೆ ಒಂದು. ಅಣ್ಣ ತಮ್ಮ ಹಂಚಿಕೊಳ್ಳುವ ವಸ್ತುವಲ್ಲ. ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಇಡಬೇಕು.

ನಮ್ಮಲ್ಲಿ ತೊಡಕಿರುವುದು ಬೇರೆ ಕಡೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಆದರೆ ರಾಯಚೂರಿನಿಂದಲೋ ಬೀದರಿನಿಂದಲೋ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದು ವರ್ಷಗಟ್ಟಲೆ ಚಿಕಿತ್ಸೆ ಕೊಡಿಸಿದ ಕುಟುಂಬಕ್ಕೆ, ರೋಗ ವಾಸಿಯಾದ ಮೇಲೂ ಓಡಾಡಬೇಕು ಎಂದರೆ ಕೂಲಿ, ರಜೆ, ಟಿಕೆಟ್ಟು ಎಲ್ಲ ಕಣ್ಣ ಮುಂದೆ ಬರುತ್ತವೆ. ಮನೆಯಲ್ಲೇ ಮಾಡಬಹುದಾದ ಈ ಅಭ್ಯಾಸ ಅಂಥವರಿಗೆ ಒಗ್ಗುತ್ತದೆ. ಸಾಧನದ ಬೆಲೆ ಸಾವಿರಗಳ ಲೆಕ್ಕದಲ್ಲಿದೆ, ಆದರೆ ಒಮ್ಮೆ ಕೊಂಡರೆ ಮುಗಿಯಿತು. ಅಳತೆಯ ಯಂತ್ರ ಮಾತ್ರ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ವರ್ಷಕ್ಕೊಮ್ಮೆಯ ಫಾಲೋಅಪ್‌ಗೆ ಹೋದಾಗ ‘ಉಸಿರೆಳೆಯುವ ಸ್ನಾಯುಗಳ ಬಲವನ್ನೂ ಒಮ್ಮೆ ನೋಡಬಹುದೇ ಡಾಕ್ಟ್ರೇ?’ ಎಂದು ಕೇಳಿ, ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲೋ ಶ್ವಾಸಕೋಶದ ವಿಭಾಗದಲ್ಲೋ ಅಳೆಸಿಕೊಂಡು, ಸಾಧನ ಬಳಸುವುದನ್ನು ಅಲ್ಲೇ ಎದುರಿಗೆ ಮಾಡಿ ತೋರಿಸಿಕೊಂಡು ಬರುವುದು ಸುಲಭದ ದಾರಿ. ಹಳೆಯ ಫೈಲ್ ಜೊತೆಗಿರಲಿ. ಯಾವ ಔಷಧ, ಎಷ್ಟು ಪ್ರಮಾಣ, ಕರೆಂಟ್ ಎಲ್ಲಿಗೆ ಎಂಬುದು ಅದರಲ್ಲಿ ಮಾತ್ರ ಇರುತ್ತದೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ವಾರ ಎರಡು ಅಂಕಿಗಳನ್ನು ಬರೆಯಲು ಮಗುವಿಗೇ ಹೇಳಿ. ಸ್ಪ್ರಿಂಗ್ ಎಷ್ಟಕ್ಕಿದೆ ಎಂಬುದು ಒಂದು. ನಿಲ್ಲದೆ ಎಷ್ಟು ಮೆಟ್ಟಿಲು ಹತ್ತಿದೆ ಎಂಬುದು ಇನ್ನೊಂದು. ಎಂಟು ವಾರದ ಹೊತ್ತಿಗೆ ಎರಡೂ ಏರಿದ್ದರೆ ಅಭ್ಯಾಸ ಮುಂದುವರಿಸಬಹುದು. ಪೂರ್ತಿ ಬಿಟ್ಟರೆ ಗಳಿಸಿದ ಬಲ ತಿಂಗಳುಗಳಲ್ಲಿ ಕರಗುವುದರಿಂದ, ವಾರಕ್ಕೆ ಎರಡು ಮೂರು ದಿನವಾದರೂ ಉಳಿಸಿಕೊಳ್ಳಬೇಕು. ಸ್ಪ್ರಿಂಗ್ ಏರಿ ಮೆಟ್ಟಿಲು ನಿಂತಲ್ಲೇ ನಿಂತಿದ್ದರೆ ತೊಂದರೆ ವಪೆಯದಲ್ಲ. ಆ ನೋಟ್‌ಬುಕ್ಕನ್ನು ಹಿಡಿದುಕೊಂಡೇ ಮತ್ತೆ ವೈದ್ಯರ ಬಳಿ ಹೋಗಬೇಕು. ಕಾಲಿನ ಸ್ನಾಯು, ಹೃದಯ, ಥೈರಾಯ್ಡ್ ಯಾವುದನ್ನು ಹುಡುಕಬೇಕೆಂದು ಅವರು ಅಲ್ಲಿಂದ ಶುರು ಮಾಡಬಹುದು.